ಟೈಲರ್ ಮಾವನ ಹೂವಿನ ಮಫ್ಲರ್

ನಮ್ಮ ಮಾವನಿಗೆ ಒಂದು ಚಟ. ಸಿಗರೇಟಿನದಲ್ಲ, ಇಸ್ಪೀಟಿನದೂ ಅಲ್ಲ. ಯಾರ ಬಟ್ಟೆಯಲ್ಲಾದರೂ ಒಂದು ನೂಲು ಜೋತಾಡುತ್ತಿದ್ದರೆ ಅದನ್ನು ಕತ್ತರಿಸುವ ತನಕ ಅವರಿಗೆ ನೆಮ್ಮದಿಯಿಲ್ಲ. ಅವರು ಟೈಲರ್. ಅಂಗಿಯ ಜೇಬಿನಲ್ಲಿ ಬೆರಳುದ್ದದ ಕತ್ತರಿಯೊಂದು ಸದಾ ಇರುತ್ತದೆ. ಬಸ್ಸಿಗೆ ಸಾಲಿನಲ್ಲಿ ನಿಂತಾಗ ಮುಂದಿನವರ ಬೆನ್ನ ಮೇಲಿನ ನೂಲನ್ನು ಅವರಿಗೇ ಗೊತ್ತಾಗದಂತೆ ಕತ್ತರಿಸಿ, ಏನೂ ಆಗಿಲ್ಲವೆಂಬಂತೆ ಆಕಾಶ ನೋಡುತ್ತಾರೆ. ನನ್ನ ಗಂಡ ನನ್ನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದ ದಿನ ಮಾವ ನನ್ನ ಮುಖ ನೋಡಲಿಲ್ಲ, ತೋಳಿನ ಅಂಚು ನೋಡಿದರು. “ಒಂದ್ನಿಮಿಷ ಅಲ್ಲಾಡ್ಬೇಡಮ್ಮ” ಎಂದು ನೂಲು ಕತ್ತರಿಸಿದ ಮೇಲೆಯೇ “ಬಾ, ಒಳಗೆ ಬಾ” ಅಂದದ್ದು.

ಅತ್ತೆಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಗಲೂ ಈ ಚಟ ಬಿಡಲಿಲ್ಲ. ಡಾಕ್ಟರು ಮಂಚದ ಪಕ್ಕ ನಿಂತು ಗಂಭೀರವಾಗಿ ಏನೇನೋ ಹೇಳುತ್ತಿದ್ದರು. ಮಾವನ ಕಣ್ಣು ಅವರ ಬಿಳಿ ಕೋಟಿನ ಕೈಯಂಚಿನ ಮೇಲಿತ್ತು. ನಾನು ಕಣ್ಸನ್ನೆ ಮಾಡಿ ಬೇಡ ಬೇಡ ಅನ್ನುವಷ್ಟರಲ್ಲಿ ಕಚಕ್ ಎಂದು ಶಬ್ದವಾಯಿತು. ಡಾಕ್ಟರು ಮಾತು ನಿಲ್ಲಿಸಿ ತಮ್ಮ ತೋಳು ನೋಡಿಕೊಂಡರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತು. ಆದರೆ ಮಲಗಿದ್ದಲ್ಲಿಂದ ಅತ್ತೆ ನಕ್ಕರು. ಸೊಟ್ಟಗಾದ ಬಾಯಿಯಲ್ಲಿ ಅರ್ಧ ನಗು. ಅವರು ಬದುಕುತ್ತಾರೆ ಎಂದು ನನಗೆ ಧೈರ್ಯ ಬಂದದ್ದು ಡಾಕ್ಟರ ಮಾತಿನಿಂದಲ್ಲ, ಆ ನಗುವಿನಿಂದ.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಬಾಗಿಲಿಲ್ಲ, ಒಂದು ಪರದೆ ಅಷ್ಟೇ. ಪರದೆಯ ಆಚೆ ಮಾವನ ಕತ್ತರಿಸುವ ಮೇಜು, ಎರಡು ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಗುಂಡಿ ಡಬ್ಬಗಳು, ಮತ್ತು ನಾನು. ಕಾಜಾ ಹಾಕುವುದು, ಗುಂಡಿ ಕೂರಿಸುವುದು, ಅಂಚು ಮಡಚಿ ಹೊಲಿಯುವುದು ನನ್ನ ಪಾಲು. ಗಂಡ ಲಾರಿ ಓಡಿಸುವವರು. ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಪರದೆಯ ಈಚೆ ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಅದರಲ್ಲಿ ಅತ್ತೆ, ಅತ್ತೆಯ ಕೈಯಲ್ಲಿ ಹೆಣಿಗೆ ಕಡ್ಡಿ. ಲಕ್ವ ಹೊಡೆಯುವ ಮುಂಚಿನ ಮಾತು ಇದು. ಓಣಿಯ ಅರ್ಧ ಜನ ಚಳಿಗಾಲ ಕಳೆಯುತ್ತಿದ್ದದ್ದು ಅತ್ತೆಯ ಸ್ವೆಟರಿನಲ್ಲಿ. ಅದರಲ್ಲೂ ಅವರ ಹೂವಿನ ಹೆಣಿಗೆ ಎಂದರೆ ಹೆಂಗಸರು ದಾರಿಯಲ್ಲೇ ನಿಲ್ಲಿಸಿ ಮುಟ್ಟಿ ನೋಡುತ್ತಿದ್ದರು.

ಗಂಡಹೆಂಡಿರ ನಡುವೆ ಕಸುಬಿನ ಜಗಳ ಹಳೆಯದು. ಮಾವ ಅನ್ನುತ್ತಿದ್ದರು: “ಅಳತೆ ಇಲ್ಲ, ಕತ್ತರಿ ಇಲ್ಲ, ಅದೊಂದು ಕೆಲ್ಸವಾ? ಕೂತಲ್ಲೇ ಕಡ್ಡಿ ಆಡ್ಸೋದು.” ಅತ್ತೆ ಪರದೆಯ ಹಿಂದಿನಿಂದಲೇ ಉತ್ತರ ಕೊಡುತ್ತಿದ್ದರು: “ನೀವು ಚೆನ್ನಾಗಿರೋ ಬಟ್ಟೇನ ಚೂರುಚೂರು ಮಾಡಿ ಆಮೇಲೆ ಜೋಡಿಸ್ತೀರಾ. ನಾನು ಮೊದಲಿಂದ ಕೊನೆವರೆಗೂ ಒಂದೇ ದಾರ, ಎಲ್ಲೂ ಕಡಿಯಲ್ಲ.” ಗಿರಾಕಿಗಳು ನಡುವೆ ನಿಂತು ಎರಡೂ ಕಡೆ ತಲೆಯಾಡಿಸುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಬಾಯಿ ಸರಿಹೋಯಿತು, ಮಾತು ಬಂತು, ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಬರಲಿಲ್ಲ. ಪಕ್ಕದ ಮನೆಯವರು ನೋಡಿಕೊಳ್ಳಿ ಎಂದು ಇಟ್ಟುಹೋದ ಸಾಮಾನಿನ ಹಾಗೆ ಅದು ತೊಡೆಯ ಮೇಲೆ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬರುತ್ತಿದ್ದಳು. ರಬ್ಬರ್ ಚೆಂಡು ಹಿಚುಕಿಸುತ್ತಿದ್ದಳಾದ್ದರಿಂದ ಅತ್ತೆ ಅವಳಿಗೆ ಚೆಂಡಿನ ಹುಡುಗಿ ಎಂದೇ ಹೆಸರಿಟ್ಟಿದ್ದರು. ಅವಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: “ಹೆಬ್ಬೆರಳು ತೋರುಬೆರಳು ಒಂದು ಸಲ ತಾವಾಗೇ ಸೇರಿ ಏನಾದ್ರೂ ಹಿಡಿದ್ರೆ ಸಾಕು ಅಕ್ಕ, ಮುಂದಕ್ಕೆ ದಾರಿ ಸಿಗುತ್ತೆ. ಹಿಡಿಯೋದು ಮೊದಲು ಬರುತ್ತೆ, ಬಿಡೋದು ಆಮೇಲೆ. ಆದ್ರೆ ತಡ ಆದಷ್ಟೂ ಕಷ್ಟ.” ಮೊದಮೊದಲು ದಿನಾ ಬರುತ್ತಿದ್ದವಳು ಆಮೇಲೆ ವಾರಕ್ಕೊಮ್ಮೆ ಬರತೊಡಗಿದಳು. ಅದರ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ದಿನಾ ಬೆಳಗ್ಗೆ ಅತ್ತೆಯ ಅಂಗಿಗೆ ಗುಂಡಿ ಹಾಕುವುದು ನಾನೇ. ಟೈಲರ್ ಮನೆಯ ಯಜಮಾನಿ ಗುಂಡಿ ಹಾಕಿಸಿಕೊಳ್ಳಲು ಕತ್ತು ಮೇಲಕ್ಕೆತ್ತಿ ಕೂರಬೇಕು. ಆಗ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದರು. ನಾನೂ ಸುಮ್ಮನೆ ಏನಾದರೂ ಹರಟುತ್ತಾ ಬೇಗ ಮುಗಿಸುತ್ತಿದ್ದೆ.

ಇದನ್ನು ಮಾವ ನೋಡಿರಬೇಕು. ಒಂದು ಮಧ್ಯಾಹ್ನ ಅತ್ತೆಯ ಅಂಗಿಗಳನ್ನೆಲ್ಲ ಬೀರುವಿನಿಂದ ಎತ್ತಿಕೊಂಡು ಹೋದರು. ಸಂಜೆಯ ಹೊತ್ತಿಗೆ ಗುಂಡಿ ಎಲ್ಲ ಕಿತ್ತು, ಮಕ್ಕಳ ಬೂಟಿನಲ್ಲಿರುತ್ತದಲ್ಲ, ಒತ್ತಿದರೆ ಅಂಟಿ ಎಳೆದರೆ ಪರ್ ಎಂದು ಬಿಡುವ ಪಟ್ಟಿ, ಅದನ್ನು ಹೊಲಿದು ತಂದರು. ಎಡಗೈ ಒಂದೇ ಸಾಕು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಹೊರಗಿನಿಂದ ಗೊತ್ತೇ ಆಗುತ್ತಿರಲಿಲ್ಲ. ಮಾವ ಒಂದು ಅಂಗಿ ಬಿಡಿಸಿ, ಪರ್ ಎನಿಸಿ ತೋರಿಸಿ, ಶಹಬ್ಬಾಸ್‌ಗೆ ಕಾದು ನಿಂತರು.

ಅತ್ತೆ ಆ ಪಟ್ಟಿಯನ್ನು ಎಡಗೈಯಲ್ಲಿ ಸವರಿ ನೋಡಿದರು. “ಅಂದ್ರೆ ನನ್ನ ಕೈ ಇನ್ನು ಬರಲ್ಲ ಅಂತ ನೀವೇ ತೀರ್ಮಾನ ಮಾಡ್ಬಿಟ್ರಾ?” ಅಂದರು.

ಮಾವನ ಮುಖ ಕಪ್ಪಿಟ್ಟಿತು. ಅಂಗಿಗಳನ್ನು ವಾಪಸು ಎತ್ತಿಕೊಂಡು ಹೋಗಿ, ಪಟ್ಟಿ ಬಿಚ್ಚಿ, ಪ್ರತಿ ಗುಂಡಿಯನ್ನೂ ಇದ್ದ ಜಾಗದಲ್ಲೇ ಮತ್ತೆ ಕೂರಿಸಿದರು. ನಾನು ಮಾಡ್ತೀನಿ ಕೊಡಿ ಮಾವ ಎಂದರೆ ಕೊಡಲಿಲ್ಲ. ಮರುದಿನ ಅತ್ತೆ ನನ್ನನ್ನು ಕರೆದು ತಮ್ಮ ಹೆಣಿಗೆ ಚೀಲ ಕೈಗಿತ್ತರು. ಕಡ್ಡಿ, ಉಣ್ಣೆ ಉಂಡೆ, ಎಲ್ಲವೂ ಅದರಲ್ಲಿತ್ತು. “ಇದನ್ನ ಓಣಿ ಕೊನೆ ಮನೆಯವಳಿಗೆ ಕೊಟ್ಬಿಡು. ಅವಳಿಗೆ ಬಹಳ ದಿನದಿಂದ ಆಸೆ.” ನಾನು ಏನಾದರೂ ಹೇಳುವ ಮೊದಲೇ ಕಿಟಕಿಯ ಕಡೆ ತಿರುಗಿ ಕೂತರು.

ಚೀಲವನ್ನು ಅಂಗಡಿಯ ಮೇಜಿನ ಕೆಳಗೆ ತಳ್ಳಿದೆ. ಕೊಡಲು ಕಾಲು ಬರಲಿಲ್ಲ. ಎರಡು ದಿನ ಅದು ಅಲ್ಲೇ ಇತ್ತು. ಮೂರನೇ ದಿನ ಊಟವಾದ ಮೇಲೆ ಮಾವ ಆ ಚೀಲ ಹಿಡಿದುಕೊಂಡು ಪರದೆ ಸರಿಸಿ ಒಳಗೆ ಬಂದು, ಅತ್ತೆಯ ಕುರ್ಚಿಯ ಬಲಕ್ಕೆ ಸ್ಟೂಲ್ ಎಳೆದುಕೊಂಡು ಕೂತರು.

“ನಂಗೆ ಹೆಣಿಗೆ ಕಲಿಸು” ಅಂದರು.

ಅತ್ತೆ ತಿರುಗಿ ನೋಡಲೇ ಇಲ್ಲ. “ಯಾಕೆ?”

“ಕುತ್ತಿಗೆಗೆ ಚಳಿ. ಮಫ್ಲರ್ ಬೇಕು.”

“ಅಂಗಡೀಲಿ ಸಿಗುತ್ತೆ.”

“ಅಂಗಡೀದ್ರಲ್ಲಿ ಹೂ ಇರಲ್ಲ.”

ಈಗ ಅತ್ತೆ ತಿರುಗಿದರು. “ಹೂವಿನ ಮಫ್ಲರ್? ನಿಮಗೆ?”

“ಯಾಕೆ, ಗಂಡಸಿಗೆ ಕುತ್ತಿಗೆ ಇರಲ್ವಾ?”

ನನಗೆ ಮೈಯೆಲ್ಲ ಉರಿಯಿತು. ಲೋಟ ಹಿಡಿಯಲಾಗದವರ ಮುಂದೆ ಅವರ ಕಡ್ಡಿಯನ್ನೇ ತಂದು ಕುಣಿಸುವುದೆಂದರೆ ಏನು? ಗಾಯಕ್ಕೆ ಕಡ್ಡಿ ಹಾಕಿ ಕೆದಕಿದ ಹಾಗೆ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಮಾವನಿಗೆ ಕೇಳಿಸಲಿಲ್ಲವೋ, ಕೇಳಿಸದವರಂತೆ ಇದ್ದರೋ, ಅಂತೂ ಎರಡು ಕಡ್ಡಿ ಹಿಡಿದು ಮಗ್ಗಿ ಮರೆತ ಮಗುವಿನಂತೆ ಅತ್ತೆಯ ಮುಖ ನೋಡುತ್ತಾ ಕೂತಿದ್ದರು. ಕೊನೆಗೆ ಅತ್ತೆಗೇ ತಡೆಯಲಾಗಲಿಲ್ಲ. “ಅಯ್ಯೋ, ಹಾಗಲ್ರೀ ಹಿಡಿಯೋದು, ಅದೇನು ಪೊರಕೆನಾ?” ಅಂದರು. ಅಲ್ಲಿಂದ ಪಾಠ ಶುರುವಾಯಿತು.

ದಿನಾ ಊಟವಾದ ಮೇಲೆ ಅಂಗಡಿ ಸುಮ್ಮನಿರುವ ಹೊತ್ತು ಪಾಠದ ಹೊತ್ತಾಯಿತು. ಅತ್ತೆ ಬಾಯಲ್ಲಿ ಹೇಳುವರು, ಮಾವ ಕೈಯಲ್ಲಿ ಕೆಡಿಸುವರು. ಸೀದಾ ಸಾಲು, ಉಲ್ಟಾ ಸಾಲು, ಇಷ್ಟೇ. ಓಣಿಯ ಮಕ್ಕಳು ಒಂದು ಸಂಜೆಯಲ್ಲಿ ಕಲಿಯುವುದು. ಮಾವ ದಾರವನ್ನು ಹೊಲಿಗೆ ಹಾಕುವವರ ಹಾಗೆ ಜಗ್ಗಿ ಬಿಗಿ ಮಾಡುವರು. ಕುಣಿಕೆಗಳು ಕಡ್ಡಿಗೆ ಕಚ್ಚಿಕೊಂಡು ಮುಂದೆ ಸರಿಯುವುದಿಲ್ಲ. ಬಲವಾಗಿ ತಳ್ಳಿದರೆ ನಾಲ್ಕು ಕುಣಿಕೆ ಒಟ್ಟಿಗೆ ಉದುರುತ್ತವೆ. “ಇಲ್ಲಿ ಏನ್ಮಾಡ್ಲಿ ಇವಳೇ, ಸ್ವಲ್ಪ ಹಿಡ್ಕೊಡು” ಎಂದು ಅತ್ತೆಯ ಬಲಗೈ ಹತ್ತಿರಕ್ಕೆ ಹೆಣಿಗೆಯನ್ನು ಚಾಚುವರು. ಅತ್ತೆ ಎಡಗೈಯಲ್ಲಿ ತೋರಿಸುವರು.

ನಾನು ಕಾಜಾ ಹಾಕುತ್ತಾ ಪರದೆಯ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಕತ್ತಲಾದ ಮೇಲೂ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸುವ ಮನುಷ್ಯ, ಬಟ್ಟೆ ಮುಟ್ಟಿಯೇ ಅದರ ಗುಣ ಹೇಳುವ ಮನುಷ್ಯ, ಎರಡು ಕಡ್ಡಿಯಲ್ಲಿ ಇಷ್ಟು ಎಡವುತ್ತಾರೆಂದರೆ ನಂಬುವುದು ಹೇಗೆ? ಒಂದು ದಿನ ನನ್ನ ತಲೆಯಲ್ಲಿ ದೀಪ ಹತ್ತಿತು. ಅವರು ಬೇಕೆಂದೇ ತಪ್ಪು ಮಾಡುತ್ತಿದ್ದಾರೆ! ಅತ್ತೆ ಬೇಸತ್ತು, ಕೊಡಿ ಇಲ್ಲಿ ಎಂದು ಆ ಬಲಗೈಯನ್ನು ಚಾಚಲಿ ಎಂದು ಕಾಯುತ್ತಿದ್ದಾರೆ. ಮಾವನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಸಂಜೆ ಅವರು ಕೇಳದೆಯೇ ಎರಡು ಸಲ ಟೀ ಮಾಡಿಕೊಟ್ಟೆ.

ಮರುದಿನ ಗುಂಡಿ ಹಾಕುವಾಗ ಅತ್ತೆಯೇ ಮಾತು ತೆಗೆದರು. “ನಿಮ್ಮ ಮಾವನ ನಾಟಕ ನೋಡಿದ್ಯಾ?”

ನಾನು ನಾಲಿಗೆ ಕಚ್ಚಿಕೊಂಡೆ. “ಯಾವ ನಾಟಕ ಅತ್ತೆ?”

“ನಂಗೇನು ಗೊತ್ತಾಗಲ್ವಾ? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ಬೇಕಂತಲೇ ಕುಣಿಕೆ ಉದುರಿಸ್ತಾರೆ, ನಾನು ಹಿಡೀಲಿ ಅಂತ.” ಅತ್ತೆ ಸೂರು ನೋಡುವುದನ್ನು ಬಿಟ್ಟು ಮೊದಲ ಸಲ ನನ್ನ ಕಣ್ಣು ನೋಡಿದರು. “ಕೈ ಚಾಚಲ್ಲ ಅಂತ ನನಗೇನು ಹಟ ಇಲ್ಲ ಕಣೆ. ಅವರು ಮುಂದಕ್ಕೆ ಹಿಡಿದಾಗೆಲ್ಲ ನಾನು ಒಳಗೊಳಗೇ ಎಳೀತೀನಿ. ಭುಜದವರೆಗೂ ಎಳೀತೀನಿ. ಬರಲ್ಲ. ಅವರು ತಪ್ಪು ಮಾಡಿ ಮಾಡಿ ಸೋತರು, ನಾನು ಎಳೆದು ಎಳೆದು ಸೋತೆ. ನೀನೇ ಹೇಳು ಅವರಿಗೆ, ಸಾಕು ಅಂತ. ನಾನು ಹೇಳಿದ್ರೆ ಅತ್ತುಬಿಡ್ತೀನಿ.”

ಕೊನೆಯ ಗುಂಡಿ ನನ್ನ ಕೈಯಲ್ಲೇ ಉಳಿಯಿತು. ಹಾಕಲು ಕಣ್ಣು ಕಾಣಬೇಕಲ್ಲ.

ಮಾವ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಎದುರು ಹೋಗಿ ನಿಂತೆ. “ಮಾವ, ಸಾಕು ಮಾಡಿ.”

“ಏನನ್ನ?”

“ಬೇಕಂತ ತಪ್ಪು ಮಾಡೋದನ್ನ. ಅತ್ತೆಗೆ ಗೊತ್ತಾಗಿದೆ. ಅವರಿಗೆ ಬಹಳ ನೋವಾಗ್ತಿದೆ.”

ಮಾವ ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಕಿವಿ ಮೆಲ್ಲಗೆ ಕೆಂಪಾಯಿತು. “ಬೇಕಂತ ಯಾರಮ್ಮ ಮಾಡಿದ್ರು?”

“ಹಾಗಂದ್ರೆ?”

ಅವರು ಬಾಗಿಲ ಕಡೆ ನೋಡಿ, ಪರದೆಯ ಕಡೆ ನೋಡಿ, ಮೇಜಿನ ಕೆಳಗಿನ ಚಿಂದಿ ಬಟ್ಟೆಯ ರಾಶಿಗೆ ಕೈ ಹಾಕಿ ಒಂದು ಗಂಟು ಹೊರಗೆ ಎಳೆದರು. ಬಿಚ್ಚಿದರೆ ಒಳಗೆ ಇನ್ನೊಂದು ಜೊತೆ ಕಡ್ಡಿ, ಜೊತೆಗೆ ಹೆಣೆದ ತುಂಡುಗಳು. ಒಂದು ಕೆಳಗೆ ಅಗಲ, ಮೇಲೆ ಚೂಪು. ಇನ್ನೊಂದರ ನಡುವೆ ಬೆರಳು ತೂರುವಷ್ಟು ತೂತು. ಮತ್ತೊಂದು ಏನೆಂದು ನಾನಂತೂ ಹೇಳಲಾರೆ. “ಅವಳ ಮುಂದೆ ಮಾನ ಹೋಗ್ಬಾರ್ದು ಅಂತ ಗಿರಾಕಿ ಇಲ್ಲದಾಗ ಇಲ್ಲಿ ಅಭ್ಯಾಸ ಮಾಡ್ತೀನಿ” ಎಂದು ಪಿಸುಗುಟ್ಟಿದರು. “ಆದ್ರೂ ಬರ್ತಿಲ್ಲ. ಕೈ ತಾನಾಗೇ ದಾರ ಜಗ್ಗುತ್ತೆ. ನೀನು ಯಾರಿಗೂ ಹೇಳ್ಬೇಡ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮತ್ತೆ ಇಷ್ಟೆಲ್ಲ ಕಷ್ಟಪಟ್ಟು ಕಲಿಯೋದು ಯಾಕೆ ಮಾವ?”

ಅವರು ಗಂಟು ಕಟ್ಟುತ್ತಾ, ಇದೂ ಗೊತ್ತಾಗಲ್ವಾ ಅನ್ನುವ ಧ್ವನಿಯಲ್ಲಿ ಹೇಳಿದರು. “ಕಡ್ಡಿ ಕೊಟ್ಬಿಡು ಅಂದಳಲ್ಲ. ಅವು ಮನೇಲೇ ಇರ್ಬೇಕು ಅಂದ್ರೆ ಯಾರಾದ್ರೂ ಒಬ್ಬರು ಹೆಣೀಲೇಬೇಕಲ್ಲಮ್ಮ.”

ಈ ಮನೆಗೆ ಬಂದ ದಿನದಿಂದ ಇವರನ್ನು ಬರೀ ಅಳತೆ ಟೇಪು, ಬರೀ ಸಿಡುಕು ಅಂದುಕೊಂಡಿದ್ದೆ. ಯಾರಿಗೂ ಹೇಳಬೇಡ ಅಂದದ್ದನ್ನು ನಾನು ನಡೆಸಿಕೊಡಲಿಲ್ಲ. ನೇರ ಒಳಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ, ಆ ಚೂಪು ತುಂಡಿನ ಆಕಾರವನ್ನೂ ಕೈಯಲ್ಲಿ ತೋರಿಸಿದೆ.

ಅತ್ತೆ ಕಣ್ಣರಳಿಸಿ ಕೇಳಿದರು. “ಅಂದ್ರೆ... ನಿಜವಾಗ್ಲೂ ಬರಲ್ವಾ ಇವರಿಗೆ?”

“ನಿಜವಾಗ್ಲೂ ಬರಲ್ಲ ಅತ್ತೆ.”

ಅತ್ತೆ ನಕ್ಕರು. ಆಸ್ಪತ್ರೆಯ ಅರ್ಧ ನಗು ಅಲ್ಲ, ಇಡೀ ಬಾಯಿಯ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವ ತನಕ ನಕ್ಕರು. ಪರದೆಯ ಆಚೆ ಮಿಷನ್ ಸದ್ದು ನಿಂತಿತು. “ಹೇಳ್ಬಿಟ್ಯಾ?” ಎಂದು ಮಾವ ಕೂಗಿದರು. “ಹೇಳ್ಬಿಟ್ಳು!” ಎಂದು ಅತ್ತೆ ಕೂಗಿದರು. “ಬನ್ನಿ ಈಚೆ, ಆ ಗಂಟೂ ತನ್ನಿ!”

ಆವತ್ತಿನಿಂದ ಪಾಠದ ರೀತಿಯೇ ಬೇರೆಯಾಯಿತು. ತಮ್ಮನ್ನು ವಾಸಿ ಮಾಡಲು ಯಾರೋ ಹೂಡಿದ ಉಪಾಯ ಇದಲ್ಲ, ಎದುರಿಗೆ ಒಬ್ಬ ನಿಜವಾದ ದಡ್ಡ ಶಿಷ್ಯ ಕೂತಿದ್ದಾನೆ ಎಂದು ಗೊತ್ತಾದ ಮೇಲೆ ಅತ್ತೆ ತಮ್ಮ ಕೈಯನ್ನು ಮರೆತೇಬಿಟ್ಟರು. ಅದು ಅದರ ಪಾಡಿಗೆ ತೊಡೆಯ ಮೇಲಿರುತ್ತಿತ್ತು. “ಸಡಿಲ ಬಿಡಿ. ಅದು ಪ್ಯಾಂಟಲ್ಲ, ಕಿತ್ತುಹೋಗಲ್ಲ.” “ಉಸಿರು ಬಿಟ್ಟುಕೊಂಡು ಹೆಣೀರಿ.” “ಇದೇನು ಸಾಲೋ, ಇರುವೆ ಹೋದ ದಾರಿಯೋ?” ಬೈಗುಳದ ಜೊತೆಗೆ ಮಫ್ಲರು ಬೆಳೆಯಿತು. ಬೂದು ಬಣ್ಣ, ಅಂಚು ಒಂದಿಷ್ಟು ಹಾವಿನಂತೆ, ಆದರೆ ಮಫ್ಲರೇ. ಅತ್ತೆ ಊಟ ಸರಿಯಾಗಿ ಮಾಡತೊಡಗಿದರು. ಬಲಗೈಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಸೆ ಬಿಟ್ಟೆವು ಅಂತಲೇ ಇಟ್ಟುಕೊಳ್ಳಿ. ಅತ್ತೆ ನಗುತ್ತಿದ್ದಾರಲ್ಲ, ಇನ್ನೇನು ಬೇಕು ಎಂದು ನಾನಂತೂ ಮನಸ್ಸನ್ನು ಗಟ್ಟಿ ಮಾಡಿಕೊಂಡೆ.

ಕೊನೆಗೆ ಹೂವಿನ ಪಾಠ ಬಂತು. ನಾನೂ ಕೆಲಸ ಬಿಟ್ಟು ನೋಡಲು ಕೂತೆ. ಅತ್ತೆಯ ಹೂ ಹೀಗೆ: ಹೆಣೆಯುತ್ತಾ ಹೋಗುವಾಗ ಐದು ಕುಣಿಕೆಗಳನ್ನು ಹೆಣೆಯದೆ ಹಾಗೇ ದಾಟಿಸಿ, ದಾರವನ್ನು ಅವುಗಳ ಮುಂದೆ ಸಡಿಲವಾಗಿ ಹಾಯಿಸಬೇಕು. ಒಂದು ಸಾಲು ಬಿಟ್ಟು ಮತ್ತೆ ಅದೇ ಜಾಗದಲ್ಲಿ ಹಾಗೇ. ಮತ್ತೊಂದು ಸಾಲು ಬಿಟ್ಟು ಮತ್ತೊಮ್ಮೆ. ಆಗ ಹೆಣಿಗೆಯ ಮೈಮೇಲೆ ಮೂರು ದಾರ ಒಂದರ ಕೆಳಗೊಂದು ಜೋತಾಡುತ್ತಿರುತ್ತವೆ. ನೋಡಿದರೆ ಯಾರೋ ಮರೆತು ಬಿಟ್ಟ ಹಾಗೆ. ಆಮೇಲೆ ಕಡ್ಡಿಯ ತುದಿಯನ್ನು ಆ ಮೂರರ ಅಡಿಗೆ ತೂರಿಸಿ, ಒಟ್ಟಿಗೆ ಮೇಲಕ್ಕೆತ್ತಿ, ನಡುವಿನ ಕುಣಿಕೆಯ ಜೊತೆ ಹೆಣೆದರೆ ಆ ಕಡೆ ಮೂರು, ಈ ಕಡೆ ಮೂರು ಎಸಳು ಬಿಚ್ಚಿಕೊಳ್ಳುತ್ತವೆ.

“ದಾರ ಸಡಿಲ ಇದ್ರೇನೇ ಹೂ” ಅತ್ತೆ ಒತ್ತಿ ಹೇಳಿದರು. “ಬಿಗಿ ಮಾಡಿದ್ರೆ ಅರಳಲ್ಲ.”

ಸಡಿಲ ದಾರ ಎಂದರೆ ಮಾವನಿಗೆ ಹಲ್ಲಿನ ನಡುವೆ ಮರಳು ಸಿಕ್ಕಿದ ಹಾಗೆ. ಮೊದಲ ಹೂವಿನಲ್ಲಿ ತಮಗೇ ಗೊತ್ತಿಲ್ಲದೆ ಜಗ್ಗಿದರು. ಎಸಳು ಮುದುಡಿ ಒಂದು ಗಂಟಾಯಿತು.

“ಇದು ಮೊಗ್ಗು” ಎಂದು ವಾದಿಸಿದರು.

“ಇದು ನರಹುಲಿ” ಅಂದರು ಅತ್ತೆ.

ಎರಡನೇ ಹೂವಿಗೆ ಮಾವ ಕನ್ನಡಕ ಒರೆಸಿಕೊಂಡು, ಉಸಿರು ಬಿಗಿಹಿಡಿದು ಕೂತರು. ಒಂದು ದಾರ ಹಾಯಿಸಿದರು. ಸಾಲು ಮುಗಿಸಿ ಇನ್ನೊಂದು. ಮರುದಿನ ಮೂರನೆಯದು. ಮೂರೂ ಒಂದೇ ಸಮ, ಒಂದೇ ಸಡಿಲ. ಅತ್ತೆ ಮುಂದಕ್ಕೆ ಬಾಗಿ ನೋಡಿ, “ಈಗ ಬಂತು ನೋಡಿ ಕೈ” ಅಂದರು. ಮಾವನ ಮುಖ ಸಣ್ಣ ಹುಡುಗನದಾಯಿತು. ಇನ್ನು ಉಳಿದದ್ದು ಉಲ್ಟಾ ಸಾಲೊಂದು, ಆಮೇಲೆ ಎತ್ತುವುದು. ಅಷ್ಟರಲ್ಲಿ ಅಂಗಡಿಯಿಂದ “ಟೈಲರೇ!” ಎಂಬ ಕೂಗು. ಪ್ಯಾಂಟು ಉದ್ದವಾಯಿತೆಂದು ಜಗಳಕ್ಕೇ ಬಂದಿದ್ದ ಗಿರಾಕಿ. ಮಾವ ಹೆಣಿಗೆಯನ್ನು ಸ್ಟೂಲಿನ ಮೇಲಿಟ್ಟು ಗೊಣಗುತ್ತಾ ಹೋದರು. ಅಳೆದು, ಕತ್ತರಿಸಿ, ಹೊಲಿದು, ಗಿರಾಕಿಯ ಜೊತೆ ಮಾತಿಗೆ ಮಾತು ಬೆಳೆಸಿ, ಅರ್ಧ ಗಂಟೆ ಬಿಟ್ಟು ವಾಪಸು ಬಂದರು. ತಲೆಯಲ್ಲಿ ಇನ್ನೂ ಆ ಪ್ಯಾಂಟೇ ಇತ್ತು. “ನಾನೇ ತಪ್ಪು ಅಳೆದೆನಂತೆ! ಅವನ ಹೊಟ್ಟೆ ಇಳಿದಿದ್ದಕ್ಕೆ ನಾನು ಹೊಣೆನಾ?” ಎನ್ನುತ್ತಾ ಸ್ಟೂಲಿನ ಮೇಲಿದ್ದದ್ದನ್ನು ಎತ್ತಿಕೊಂಡು ಕೂತರು.

ಕೈಗೆ ಬಟ್ಟೆ ಬಂತು. ಬಟ್ಟೆಯ ಮೇಲೆ ಮೂರು ದಾರ ಜೋತಾಡುತ್ತಿದ್ದವು. ಮಾವನ ಕೈ ಜೇಬಿಗೆ ಹೋದದ್ದನ್ನು ನಾನು ನೋಡಿದೆ. ನೋಡಿದರೂ ತಲೆಗೆ ಹೋಗಲಿಲ್ಲ.

ಕಚಕ್.

ಮೂರೂ ಒಂದೇ ಸಲಕ್ಕೆ.

“ಅಯ್ಯೋ ನಿಮ್ಮ!” ಎಂದು ಅತ್ತೆ ಕಿರುಚಿದರು. ಮಾವ ಬೆಚ್ಚಿಬಿದ್ದು ಹೆಣಿಗೆಯನ್ನು ಮೇಲಕ್ಕೆತ್ತಿದರು. ಮಾಡಬಾರದ್ದು ಅದೇ. ಜಗ್ಗಿದ ಕೂಡಲೇ ಕತ್ತರಿಸಿದ ತುದಿಗಳು ಒಳಕ್ಕೆ ಸರಿದು ಪಕ್ಕದ ಕುಣಿಕೆಗಳು ಬಾಯಿ ಬಿಟ್ಟವು. ಒಂದು ಬಿಚ್ಚಿತು, ಅದರ ಕೆಳಗಿನದು ಬಿಚ್ಚಿತು, ಇಷ್ಟು ದಿನದ ಹೆಣಿಗೆ ಏಣಿಯಂತೆ ಕೆಳಗಿಳಿಯತೊಡಗಿತು.

ಆಮೇಲೆ ಅದು ನಿಂತಿತು.

“ಕತ್ತರಿ ಬಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳ್ಲಿ? ಕಣ್ಣು ಎಲ್ಲಿತ್ತು? ಹೂ ಕಣ್ರೀ ಅದು, ಹೂ! ನೂಲಲ್ಲ!” ಅತ್ತೆ ಎಡಗೈ ಬೀಸುತ್ತಾ ಒಂದೇ ಸಮನೆ ಬೈಯುತ್ತಿದ್ದರು. ಮಾವ ಬೈಗುಳ ಕೇಳುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದರು. ನಾನೂ ಅತ್ತ ನೋಡಿದೆ.

“ಏನ್ರೀ, ನಾನಿಲ್ಲಿ ಗಂಟಲು ಹರ್ಕೋತಿದ್ರೆ ಅಲ್ಲೇನು ನೋಡ್ತಿದ್ದೀರಾ?” ಎಂದು ಅತ್ತೆಯೂ ನೋಡಿದರು.

ಅವರ ಬಲಗೈ ತೊಡೆಯ ಮೇಲಿರಲಿಲ್ಲ. ಅದು ಮಾವನ ಮಂಡಿಯ ಮೇಲೆ ಇಳಿಬಿದ್ದಿದ್ದ ಹೆಣಿಗೆಯ ಮೇಲಿತ್ತು. ಹೆಬ್ಬೆರಳು ಮತ್ತು ತೋರುಬೆರಳು ಸೇರಿ, ಬಿಚ್ಚಿಕೊಳ್ಳುತ್ತಿದ್ದ ಕುಣಿಕೆಯನ್ನು ಕತ್ತರಿಸಿದ ತುದಿಯ ಸಮೇತ ಒತ್ತಿ ಹಿಡಿದಿದ್ದವು. ಉಗುರು ಬಿಳಿಚಿಕೊಳ್ಳುವಷ್ಟು ಗಟ್ಟಿಯಾಗಿ.

ಅತ್ತೆಯೇ ಮೊದಲು ಬಾಯಿ ತೆರೆದರು, ಜೋರಾಗಿ ಆಡಿದರೆ ಎಲ್ಲಿ ಹಾರಿಹೋಗುತ್ತದೋ ಎಂಬಂತೆ ಮೆಲ್ಲಗೆ. “ಯಾರೂ ಏನೂ ಅನ್ಬೇಡಿ. ಮೊದಲು ಹೂ ಉಳಿಸಿ.”

ಹರಿದ ಬಟ್ಟೆಗೆ ರಫು ಹಾಕುವುದರಲ್ಲಿ ಮಾವನ ಕೈ ನಮ್ಮ ಕಡೆಯಲ್ಲೆಲ್ಲ ಹೆಸರಾದದ್ದು. ಆದರೆ ಅವತ್ತು ಅವರಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ನಾನು ಸುಮ್ಮನೆ ಅವರ ಕೈಯಿಂದ ತೆಗೆದುಕೊಂಡು ಪೋಣಿಸಿ ಕೊಟ್ಟೆ. ಅವರು ಅತ್ತೆಯ ಪಾದದ ಬಳಿ ನೆಲದ ಮೇಲೆ ಕೂತು, ಬಿಚ್ಚಿದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿ ಕೂರಿಸಿದರು. ಹೊಸ ಉಣ್ಣೆಯನ್ನು ಹಳೆಯದರ ಜಾಡಿನಲ್ಲೇ ತೂರಿಸಿ, ಐದು ಕುಣಿಕೆಯ ಮುಂದೆ ಹಾಯಿಸಿ, ಆಚೆ ಬದಿಯಲ್ಲಿ ಮತ್ತೆ ಒಳಕ್ಕೆ ಎಳೆದರು. ಅತ್ತೆ ಹಿಡಿದ ಜಾಗ ಬಂದಾಗ ಅವರ ಬೆರಳ ಸುತ್ತಲೇ ಸೂಜಿ ಹಾಯಿಸಿದರು. “ಸಡಿಲ” ಎಂದು ಅತ್ತೆ ಪಿಸುಗುಟ್ಟಿದರು. “ಸಡಿಲಾನೇ ಬಿಟ್ಟಿದ್ದೀನಿ” ಎಂದು ಮಾವ ಪಿಸುಗುಟ್ಟಿದರು. ಉಳಿದಿದ್ದ ಉಲ್ಟಾ ಸಾಲು ಮುಗಿಯಿತು. ಸೀದಾ ಸಾಲಿನ ನಡುವೆ ಬಂದು, ಕಡ್ಡಿಯ ತುದಿಯನ್ನು ಮೂರು ದಾರದ ಅಡಿಗೆ ತೂರಿಸಿ, ಎತ್ತಿ ಹೆಣೆದರು.

ಹೂ ಅರಳಿತು. ಆ ಕಡೆ ಮೂರು ಎಸಳು, ಈ ಕಡೆ ಮೂರು.

ಹೆಣಿಗೆಯ ಹಿಂಬದಿಯಲ್ಲಿ ಮಾತ್ರ ಹಳೆಯ ತುದಿ, ಹೊಸ ತುದಿ ಎಲ್ಲ ಸೇರಿ ಒಂದು ಹಿಡಿ ನೂಲು ಜೋತಾಡುತ್ತಿತ್ತು. ಮಾವನ ಕೈ ತಾನಾಗಿ ಜೇಬಿನ ಕಡೆ ಹೋಯಿತು. ಅತ್ತೆ ಹುಬ್ಬೇರಿಸಿದರು. ಮಾವ ಕತ್ತರಿಯನ್ನು ತೆಗೆದು, ಹಿಂದೆ ತಿರುಗದೆಯೇ ನನ್ನ ಕಡೆ ಚಾಚಿದರು. “ಇದನ್ನ ಆಚೆ ಇಟ್ಬಿಡಮ್ಮ. ಜೋತಾಡ್ಲಿ ಬಿಡು” ಅಂದರು. ಆ ಕತ್ತರಿ ಅವರ ಜೇಬು ಬಿಟ್ಟು ನನ್ನ ಕೈಗೆ ಬಂದದ್ದು ಅದೇ ಮೊದಲು.

ಆಮೇಲೆ ಅತ್ತೆಯ ಮುಖ ನೋಡಿ, “ಆಯ್ತು. ಇನ್ನು ಬಿಡು” ಅಂದರು.

ಅತ್ತೆ ಕೈಯನ್ನು ನೋಡಿದರು. “ಬಿಡೋಕೆ ಬರ್ತಿಲ್ಲ ಕಣ್ರೀ” ಅಂದರು.

ನನಗೆ ಒಂದು ಕ್ಷಣ ಭಯವಾಯಿತು. ಮರುಕ್ಷಣ ಚೆಂಡಿನ ಹುಡುಗಿಯ ಮಾತು ನೆನಪಾಯಿತು. “ಹಿಡಿಯೋದು ಮೊ‌ದಲು ಅತ್ತೆ, ಬಿಡೋದು ಆಮೇಲಂತೆ” ಎಂದು ಹೇಳುತ್ತಾ ಅಲ್ಲೇ ಅತ್ತುಬಿಟ್ಟೆ. ಅಳು ಯಾಕೆ ಮುಚ್ಚಿಡಲಿ.

ಮಾವ ಸೂಜಿ ಬದಿಗಿಟ್ಟು, ಅತ್ತೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳನ್ನು ಬಿಡಿಸಲು ನೋಡಿದರು.

“ಮೆಲ್ಲಗೆ” ಅಂದರು ಅತ್ತೆ. “ಅದು ಇವತ್ತಷ್ಟೇ ಕಲ್ತಿದೆ.”

ಮಾವ ಬಿಡಿಸುವುದನ್ನು ನಿಲ್ಲಿಸಿದರು. “ಹಾಗಾದ್ರೆ ಇರಲಿ. ಅರ್ಜೆಂಟೇನಿದೆ?” ಎಂದು ಆ ಮುಷ್ಟಿಯ ಮೇಲೆ ಹಣೆಯಿಟ್ಟು ನೆಲದ ಮೇಲೆ ಹಾಗೇ ಕೂತರು. ಅತ್ತೆ ಎಡಗೈಯಿಂದ ಅವರ ತಲೆ ಸವರಿದರು.

ಅಂಗಡಿಯಲ್ಲಿ ಯಾರೋ ಮೇಜು ಬಡಿದು ಟೈಲರೇ ಎಂದು ಕರೆಯುತ್ತಿದ್ದರು. ನಾನು ಮೂಗು ಒರೆಸಿಕೊಂಡು ಆಚೆ ಹೋಗಿ, ಪರದೆಯನ್ನು ಪೂರಾ ಎಳೆದು, ಇವತ್ತು ಅಂಗಡಿ ಇಲ್ಲ, ನಾಳೆ ಬನ್ನಿ ಅಂದೆ.